ಟ್ರೇಲರ್‌ಗೆ ಬ್ಯಾಟರಿ ತಗೊಳ್ಳುವವರು ದಯವಿಟ್ಟು ಓದಿ: ಸ್ಟಿಕ್ಕರ್ ಹೊಸದು, ಬ್ಯಾಟರಿ ಹಳೇದು

ತುಮಕೂರು ಸುತ್ತಮುತ್ತ ಯಾರಾದರೂ ಕ್ಯಾಂಪರ್ ಟ್ರೇಲರ್‌ಗೋ ವ್ಯಾನ್‌ಗೋ ಮನೆ ಯುಪಿಎಸ್‌ಗೋ ಸೀಲ್ಡ್ ಬ್ಯಾಟರಿ (ನೀರು ಹಾಕುವ ಹಾಗಿಲ್ಲದ ಸೀಸದ ಬ್ಯಾಟರಿ) ತಗೊಳ್ಳುವ ಯೋಚನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ. ಕೋಪ ಇನ್ನೂ ಇಳಿದಿಲ್ಲ. ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ಆಗಿದ್ದು ಇಷ್ಟು. ಯಾವುದೋ ಆಫೀಸಿನ ಯುಪಿಎಸ್‌ನಿಂದ ಕಿತ್ತು ಬಿಸಾಕಿದ ಬ್ಯಾಟರಿಗೆ ಹೊಸ ಸ್ಟಿಕ್ಕರ್ ಅಂಟಿಸಿ, ಹೊಸದು ಅಂತ ನನ್ನ ಕೈಯಲ್ಲಿ ದುಡ್ಡು ತಗೊಂಡಿದ್ದಾರೆ. ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ನಮ್ಮ ಹತ್ತಿರ ಬೊಲೆರೋ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಟ್ರೇಲರ್ ಇದೆ. ಎಲ್‌ಇಡಿ ಲೈಟು, ಒಂದು ಫ್ಯಾನು, ನೀರಿನ ಪಂಪು, 12 ವೋಲ್ಟಿನ ಚಿಕ್ಕ ಫ್ರಿಜ್ಜು, ಮೇಲೆ ಸೋಲಾರ್ ಪ್ಯಾನೆಲ್. ಗಾಡಿ ಓಡಿಸುವುದು ಯಜಮಾನರು. ವೈರು, ಫ್ಯೂಸು, ಚಾರ್ಜಿಂಗು ಎಲ್ಲ ನಾನೇ ನೋಡಿಕೊಳ್ಳುವುದು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಹಳೇ ಬ್ಯಾಟರಿಗೆ ವಯಸ್ಸಾಗಿತ್ತು, ಬದಲಾಯಿಸಲೇಬೇಕಿತ್ತು. ಅಂಗಡಿಗೆ ಹೋಗಿ 100 ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಸೀಲ್ಡ್ ಬ್ಯಾಟರಿ ಬೇಕು, ಟ್ರೇಲರ್‌ಗೆ, ದಿನಾ ರಾತ್ರಿ ಖಾಲಿ ಆಗಿ ಬೆಳಿಗ್ಗೆ ತುಂಬುವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಹೇಳಿದೆ. ಆತ ಒಳಗಿನಿಂದ ಒಂದನ್ನು ತರಿಸಿದ. ಕಪ್ಪು ಡಬ್ಬ ಪಳಪಳ ಹೊಳೆಯುತ್ತಿತ್ತು. ಮಲ್ಟಿಮೀಟರ್ ತಗೊಂಡು ಎರಡು ಕಡ್ಡಿ ಇಟ್ಟು ನನ್ನ ಮುಖದ ಹತ್ತಿರ ಹಿಡಿದ. "ನೋಡಿ ಮೇಡಂ, 13.1. ಫ್ರೆಶ್ ಪೀಸು. ನಿಮ್ಮ ಕಣ್ಣೆದುರಿಗೇ ತೋರಿಸ್ತಿದ್ದೀನಿ." ಲೋಡ್ ಹಾಕಿ, ಅಂದರೆ ಬ್ಯಾಟರಿಯಿಂದ ಕರೆಂಟ್ ಎಳೆಸಿ, ತೋರಿಸಿ ಅಂದೆ. "ಟೆಸ್ಟರ್ ಇನ್ನೊಂದು ಅಂಗಡಿಗೆ ಹೋಗಿದೆ, ಮೀಟರ್ ಸುಳ್ಳು ಹೇಳುತ್ತಾ?" ಅಂದ. ಹಳೇದನ್ನು ಎಕ್ಸ್‌ಚೇಂಜ್‌ಗೆ ಹಿಡಿದುಕೊಂಡು 9,800 ತಗೊಂಡ. ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ "ಸಿಸ್ಟಮ್ ಕೈಕೊಟ್ಟಿದೆ, ಸಂಜೆ ವಾಟ್ಸಾಪ್ ಮಾಡ್ತೀನಿ" ಅಂತ ಹೇಳಿ ಸೀಲ್ ಒತ್ತಿದ ವಾರಂಟಿ ಕಾರ್ಡ್ ಕೊಟ್ಟ. ಆ ಸಂಜೆ ಇನ್ನೂ ಬಂದಿಲ್ಲ.

ಮೀಟರ್ ಸುಳ್ಳು ಹೇಳಲ್ಲ, ನಿಜ. ಆದರೆ ಆಗ ತಾನೇ ಚಾರ್ಜರ್‌ನಿಂದ ತೆಗೆದ ಬ್ಯಾಟರಿ, ಸತ್ತದ್ದೇ ಆಗಿರಲಿ, ಸ್ವಲ್ಪ ಹೊತ್ತು 13 ವೋಲ್ಟಿನ ಮೇಲೇ ತೋರಿಸುತ್ತದೆ. ಅದು ಮೇಲ್ಮೇಲಿನ ಚಾರ್ಜು. ಕೆಲವು ಗಂಟೆ ಸುಮ್ನೆ ಬಿಟ್ಟು ನೋಡಿದರೆ ತುಂಬಿದ ಸೀಸದ ಬ್ಯಾಟರಿ 12.7ರ ಆಸುಪಾಸು ನಿಲ್ಲಬೇಕು. ಅದೂ ಅರ್ಧ ಕಥೆ ಮಾತ್ರ. ವೋಲ್ಟ್ ನೋಡಿದರೆ ಬ್ಯಾಟರಿ ತುಂಬಿದೆಯಾ ಅಂತ ಗೊತ್ತಾಗುತ್ತದೆ, ಎಷ್ಟು ಹಿಡಿಯುತ್ತದೆ ಅಂತ ಗೊತ್ತಾಗಲ್ಲ. ಅದು ಗೊತ್ತಾಗುವುದು ಲೋಡ್ ಹಾಕಿದಾಗಲೇ. ಇದು ಆ ಅಂಗಡಿಯವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಮೀಟರ್ ಹಿಡಿದ.

ಮಾರ್ಕೋನಹಳ್ಳಿ ಡ್ಯಾಮ್ ಕಡೆ ನೆಂಟರ ತೋಟದಲ್ಲಿ ಟ್ರೇಲರ್ ನಿಲ್ಲಿಸಿದ್ದೆವು. ಅಲ್ಲಿ ಮನೆಯಿಲ್ಲ, ರಾತ್ರಿ ಕರೆಂಟೂ ಇಲ್ಲ. ಜೊತೆಗೆ ಅತ್ತೆ, ನಾದಿನಿ, ಅವರ ಮಕ್ಕಳು. ಫ್ರಿಜ್ಜಿನಲ್ಲಿ ಅತ್ತೆಯ ಇನ್ಸುಲಿನ್. ಲೆಕ್ಕ ಹಾಕಿಯೇ ಹೋಗಿದ್ದೆ. ಫ್ರಿಜ್ಜು ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ, ಆದರೆ ಅರ್ಧ ಹೊತ್ತು ಮಾತ್ರ ಓಡುತ್ತದೆ. ಫ್ಯಾನು ಲೈಟು ಸೇರಿಸಿದರೂ ಬೆಳಗಾಗುವ ಹೊತ್ತಿಗೆ 40 ಎ.ಎಚ್. ದಾಟಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತಾರೆ, ಅದಕ್ಕೂ ಮೇಲೇ ಇದ್ದೆ. ಹತ್ತು ಗಂಟೆ ಆಗುವ ಮೊದಲೇ ಫ್ರಿಜ್ಜು ಕೀ ಕೀ ಅಂತ ಬಡಿದುಕೊಂಡು ನಿಂತಿತು. ಫ್ಯಾನು ನಿಧಾನ ಆಯಿತು. ಮಕ್ಕಳು ಸೊಳ್ಳೆ ಅಂತ ಅಳುವುದು, ನಾದಿನಿ "ಹೊಸ ಬ್ಯಾಟರಿ ಅಂದ್ರಲ್ಲ ಅತ್ತಿಗೆ?" ಅನ್ನುವುದು, ಏನು ಹೇಳಲಿ? ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಮಣ್ಣಿನ ಮಡಕೆಯೊಳಗೆ ಇಟ್ಟೆವು. ಅತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ಇನ್ನೊಂದು ವಿಚಿತ್ರ. ಬಿಸಿಲು ಏರಿ ಸ್ವಲ್ಪ ಹೊತ್ತಿಗೇ ಸೋಲಾರ್ ಕಂಟ್ರೋಲರ್ ಬ್ಯಾಟರಿ ಫುಲ್ ಅಂತ ತೋರಿಸಿತು. ಖಾಲಿಯಾದ 100 ಎ.ಎಚ್. ಅಷ್ಟು ಬೇಗ ತುಂಬುವುದು ಸಾಧ್ಯವೇ ಇಲ್ಲ. ಹೂಳು ತುಂಬಿದ ಕೆರೆ ಒಂದೇ ಮಳೆಗೆ ಕೋಡಿ ಬೀಳುತ್ತೆ, ವಾರದಲ್ಲಿ ಒಣಗುತ್ತೆ, ಅಲ್ವಾ? ಅದೇ ಕಥೆ. ಬೇಗ ತುಂಬಿ ಬೇಗ ಖಾಲಿ ಆಗುವ ಬ್ಯಾಟರಿಯ ಒಳಗೆ ಜಾಗ ಉಳಿದಿಲ್ಲ ಅಂತಲೇ ಅರ್ಥ.

ವಾಪಸ್ ಬಂದು ಫೋನ್ ಮಾಡಿದೆ. "ವೈರಿಂಗ್ ಪ್ರಾಬ್ಲಮ್ ಇರುತ್ತೆ ಮೇಡಂ, ಗಾಡಿಯಿಂದ ಚಾರ್ಜ್ ಸರಿಯಾಗಿ ಬರ್ತಿಲ್ಲ." ಸರಿ, ಇರಬಹುದು, ಎಷ್ಟೋ ಟ್ರೇಲರ್‌ಗಳಲ್ಲಿ ಅದೇ ರೋಗ. ಇಂಜಿನ್ ಕಡೆಯಿಂದ ಹಿಂದಿನವರೆಗೆ ಸಣ್ಣ ವೈರ್ ಎಳೆದರೆ ದಾರಿಯಲ್ಲೇ ಅರ್ಧ ವೋಲ್ಟೋ ಒಂದು ವೋಲ್ಟೋ ಕಳೆದುಹೋಗುತ್ತದೆ, ಬ್ಯಾಟರಿ ಯಾವತ್ತೂ ಪೂರ್ತಿ ತುಂಬಲ್ಲ. ಆದರೆ ನಮ್ಮದರಲ್ಲಿ ದಪ್ಪ ವೈರೇ ಇದೆ. ಇಂಜಿನ್ ಓಡುವಾಗ ಟ್ರೇಲರ್ ಬ್ಯಾಟರಿಯ ತುದಿಯಲ್ಲೇ ಅಳೆದೆ, 14 ಇತ್ತು. ಟರ್ಮಿನಲ್ ಬಿಗಿ, ಅರ್ತ್ ಸರಿ, ಫ್ಯೂಸ್ ಸರಿ. ಎಲ್ಲ ಆಫ್ ಮಾಡಿದಾಗ ಕಳ್ಳತನವಾಗಿ ಕರೆಂಟ್ ಎಳೆಯುವುದು ಏನೂ ಇಲ್ಲ. ಫೋಟೋ ತೆಗೆದು ಕಳಿಸಿದೆ.

ಅದಕ್ಕೆ ಬಂದ ಉತ್ತರ: "ಅಕ್ಕಾ, ನಿಮಗೆ ಇದೆಲ್ಲ ಅರ್ಥ ಆಗಲ್ಲ, ಯಜಮಾನ್ರನ್ನ ಕಳಿಸಿ, ಅವರಿಗೆ ಹೇಳ್ತೀನಿ."

ಈ ಮಾತು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಅಳೆದ ನಂಬರ್ ಕಳಿಸಿದ್ದೇನೆ, ಅದಕ್ಕೆ ಉತ್ತರ ಕೊಡಪ್ಪಾ ಅಂದರೆ ಯಜಮಾನ್ರನ್ನ ಕಳಿಸಬೇಕಂತೆ!

ಅವತ್ತೇ ಟೆಸ್ಟ್ ಮಾಡಿದೆ. ಮನೆಯ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಎಲ್ಲ ವೈರ್ ಬಿಚ್ಚಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ 12.7. ಮೀಟರ್ ಪ್ರಕಾರ ಏನೂ ದೋಷವಿಲ್ಲ. ಆಮೇಲೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿದೆ. ಅದು ಹೆಚ್ಚುಕಮ್ಮಿ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಹೊಸ 100 ಎ.ಎಚ್. ಬ್ಯಾಟರಿ ಅದನ್ನು 20 ಗಂಟೆ ಉರಿಸಬೇಕು. ಸಿಕ್ಕಿಸಿದ ಕೂಡಲೇ 12.1. ಸ್ವಲ್ಪ ಹೊತ್ತಿಗೆ 11.5. ಎರಡೂವರೆ ಗಂಟೆಗೆ 10.5, ಅಂದರೆ ಪೂರ್ತಿ ಖಾಲಿ. ಲೆಕ್ಕ ಹಾಕಿ, 11 ಎ.ಎಚ್. 100ರ ದುಡ್ಡು ಕೊಟ್ಟು 11 ತಂದಿದ್ದೇನೆ.

ಬಲ್ಬ್ ಬಿಚ್ಚುವಾಗ ಮುಂದಿನ ಸ್ಟಿಕ್ಕರಿನ ಒಂದು ಮೂಲೆ ಎದ್ದಿರುವುದು ಕಾಣಿಸಿತು. ಉಗುರಿನಿಂದ ಎತ್ತಿದೆ. ಅಂಟು ಇನ್ನೂ ಹಸಿ ಹಸಿಯಾಗಿತ್ತು, ಎಳೆದಂತೆ ನೂಲು ನೂಲಾಗಿ ಬಂತು. ಕೆಳಗೆ ಹರಿದ ಹಳೇ ಲೇಬಲ್. ಅದರ ಪಕ್ಕ ಡಬ್ಬದ ಮೇಲೇ ಕಪ್ಪು ಮಾರ್ಕರ್‌ನಲ್ಲಿ ಕೈಬರಹ: ಬ್ಯಾಂಕ್ 2, 14. ಅದರ ಕೆಳಗೆ 06/19. ಟರ್ಮಿನಲ್ ಮೇಲಿನ ಗ್ರೀಸ್ ಒರೆಸಿದರೆ ಸ್ಪ್ಯಾನರ್ ಕಚ್ಚಿದ ಗೀರುಗಳು. ಸುಮಾರು ಹೊತ್ತು ಅಲ್ಲೇ ನೆಲದ ಮೇಲೆ ಕೂತಿದ್ದೆ. ಆಫೀಸು, ಎಟಿಎಂಗಳ ಯುಪಿಎಸ್‌ನಲ್ಲಿ ಇಂಥ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ (ಆ ಸಾಲಿಗೇ ಬ್ಯಾಂಕ್ ಅನ್ನುವುದು) ಹೀಗೇ ನಂಬರ್ ಬರೆಯುತ್ತಾರೆ. ಹಗಲೂ ರಾತ್ರಿ ಚಾರ್ಜ್‌ನಲ್ಲೇ ಇದ್ದು ಕೆಲವು ವರ್ಷಕ್ಕೆ ಒಳಗೆ ಒಣಗಿರುತ್ತವೆ. ಸೀಲ್ಡ್ ಆದ್ದರಿಂದ ನೀರು ಹಾಕುವ ಹಾಗೂ ಇಲ್ಲ. ಗುಜರಿಗೆ ಹೋಗಬೇಕಾದದ್ದು ನಮ್ಮ ಟ್ರೇಲರ್‌ಗೆ ಬಂದಿದೆ. ಸ್ಟಿಕ್ಕರಿನ ಸೀರಿಯಲ್ ನಂಬರನ್ನು ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿದೆ. ಆ ನಂಬರ್ ಅವರ ದಾಖಲೆಯಲ್ಲೇ ಇಲ್ಲವಂತೆ.

ಬ್ಯಾಟರಿ ಹೊತ್ತುಕೊಂಡು ಅಂಗಡಿಗೆ ಹೋದೆವು. ಮಾರ್ಕರ್ ಬರಹ ತೋರಿಸಿದೆ. "ಅದು ನಮ್ಮ ಗೋಡೌನ್ ನಂಬರ್ ಮೇಡಂ." 06/19 ಅಂದರೆ? "ಬ್ಯಾಚು." ಸೀರಿಯಲ್ ನಂಬರ್? "ಕಂಪನಿಯವರಿಗೇ ಸರಿಯಾಗಿ ಗೊತ್ತಿರಲ್ಲ." ಹೋಗಲಿ, ದುಡ್ಡು ವಾಪಸ್ ಕೊಡಿ ಅಂದೆ. "ಟ್ರೇಲರ್‌ಗೆ ಹಾಕಿದರೆ ವಾರಂಟಿ ಇಲ್ಲ." ತಗೊಳ್ಳುವಾಗಲೇ ಟ್ರೇಲರ್‌ಗೆ ಅಂತ ಹೇಳಿದ್ದೆನಲ್ಲ? "ಬಿಲ್ ತೋರಿಸಿ." ಬಿಲ್ ಕೊಡದವನೇ ಬಿಲ್ ಕೇಳುತ್ತಾನೆ! ಅಲ್ಲಿ ನಾಲ್ಕೈದು ಜನ ಗಿರಾಕಿಗಳು ನಿಂತಿದ್ದರು. ಅವರ ಕಡೆ ತಿರುಗಿ ಜೋರಾಗಿ ಹೇಳಿದ: "ಇವರು ಎಲ್ಲಿಂದ ಯಾವ ಬ್ಯಾಟರಿ ತಂದಿದ್ದಾರೋ, ಇಲ್ಲಿ ಬಂದು ನಮ್ಮ ತಲೆಗೆ ಕಟ್ತಿದ್ದಾರೆ." ನನ್ನನ್ನೇ ಕಳ್ಳಿ ಮಾಡಿದ. ಎಲ್ಲರೂ ನನ್ನ ಮುಖ ನೋಡಿದರು. 9,800 ಹೋಗಿದ್ದಕ್ಕಿಂತ ಆ ನೋಟ ಜಾಸ್ತಿ ಚುಚ್ಚಿತು, ಈಗಲೂ ಚುಚ್ಚುತ್ತಿದೆ. ಕೊನೆಗೆ "ಬಿಟ್ಟು ಹೋಗಿ, ಕಂಪನಿಗೆ ಕಳಿಸಿ ನೋಡ್ತೀನಿ" ಅಂದ. ಬಿಡಲಿಲ್ಲ. ಬಿಟ್ಟಿದ್ದರೆ ಆ ಮಾರ್ಕರ್ ಬರಹ ಅವತ್ತೇ ಮಾಯ ಆಗುತ್ತಿತ್ತು.

ಯಾರಾದರೂ ತಗೊಳ್ಳುವುದಾದರೆ ಮೀಟರ್ ನಂಬರ್ ನೋಡಿ ದುಡ್ಡು ಕೊಡಬೇಡಿ. ಲೋಡ್ ಟೆಸ್ಟರ್ ಹಾಕಿಸಿ, ಇಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ. ಟರ್ಮಿನಲ್ ಒರೆಸಿ ಗೀರು ನೋಡಿ, ಹೊಟ್ಟೆ ಉಬ್ಬಿದೆಯಾ ನೋಡಿ, ಸ್ಟಿಕ್ಕರ್ ಮೂಲೆ ತಡವಿ ನೋಡಿ. ಅಲ್ಲೇ ನಿಂತು ಕಸ್ಟಮರ್ ಕೇರ್‌ಗೆ ಸೀರಿಯಲ್ ನಂಬರ್ ಓದಿ ಹೇಳಿ. ಜಿಎಸ್‌ಟಿ ಬಿಲ್ ಕೈಗೆ ಬರುವ ತನಕ ಹಳೇ ಬ್ಯಾಟರಿ ಗಾಡಿಯಿಂದ ಇಳಿಸಬೇಡಿ. ತಂದ ಮೇಲೆ ಮೊದಲ ವಾರದಲ್ಲೇ ಮನೆಯಲ್ಲಿ ಬಲ್ಬ್ ಹಾಕಿ ಟೆಸ್ಟ್ ಮಾಡಿ, ಮೀಟರ್ ಕಾಣುವ ಹಾಗೆ ವಿಡಿಯೋ ತೆಗೆದಿಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ ಇಲ್ಲದಿದ್ದರೂ ಯುಪಿಐ ಪಾವತಿ, ವಾರಂಟಿ ಕಾರ್ಡು, ವಾಟ್ಸಾಪ್ ಮಾತುಕತೆ ಎಲ್ಲ ಇದೆ. ಇದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಅರ್ಜಿ ಶುಲ್ಕವೂ ಇಲ್ಲ. ದೂರು ಹೋದ ಮೇಲೆ ಅಂಗಡಿಯಿಂದ ಮೆಸೇಜ್ ಬಂತು, "ಅಕ್ಕಾ, ಅರ್ಧ ದುಡ್ಡು ಕೊಡ್ತೀನಿ, ಬ್ಯಾಟರಿ ವಾಪಸ್ ತಂದುಕೊಡಿ, ಮಾತಾಡಿ ಮುಗಿಸೋಣ." ಪೂರ್ತಿ ದುಡ್ಡು ಬರಬೇಕು, ಅವತ್ತು ಜನರೆದುರು ಆಡಿದ ಮಾತು ವಾಪಸ್ ತಗೋಬೇಕು, ಅಲ್ಲಿಯವರೆಗೆ ಬ್ಯಾಟರಿ ಕೊಡಲ್ಲ ಅಂತ ಉತ್ತರ ಹಾಕಿದ್ದೇನೆ.

ಅದೇ ಸಾಲಿನ 13, 15 ನಂಬರಿನ ಬ್ಯಾಟರಿಗಳೂ ಹೊಸ ಸ್ಟಿಕ್ಕರ್ ಹಾಕಿಕೊಂಡು ಯಾರದೋ ಮನೆ ಸೇರಿರಬಹುದು. ನಿಮ್ಮದರ ಸ್ಟಿಕ್ಕರ್ ಮೂಲೆ ಇವತ್ತೇ ಎತ್ತಿ ನೋಡಿ. ಬರಹ ಕಂಡರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೇ ದೂರು ಕೊಡೋಣ.