ಹಳೇ ಎಂಪಿಎಫ್‌ಐ ಗಾಡಿಗೆ ಫ್ಯುಯಲ್ ಪ್ರೆಷರ್ ಗೇಜ್ ಕಿಟ್: ಕೊಳ್ಳಿ, ಆದರೆ ಅದರ ಪೈಪು, ಕ್ಲಿಪ್ಪು ನಂಬಬೇಡಿ

ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿ ತಿರುಗುತ್ತದೆ, ಗಾಡಿ ಮಾತ್ರ ಚಾಲೂ ಆಗುವುದಿಲ್ಲ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಸ್ಟೀಮ್, ಝೆನ್, 1998ರ ಹೋಂಡಾ ಸಿಟಿ, ಸಿಯೆಲೋ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಇದನ್ನು ಎದುರಿಸುತ್ತಾರೆ. ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಪಂಪ್ ಹೋಗಿದೆ’. ಟ್ಯಾಂಕ್ ಇಳಿಸಿ ಹೊಸ ಪಂಪ್ ಹಾಕಿದ ಮೇಲೂ ಗಾಡಿ ಅಲ್ಲೇ ನಿಂತಿರುತ್ತದೆ, ಯಾಕೆಂದರೆ ಕೆಟ್ಟಿದ್ದು ರಿಲೇ (ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್) ಅಥವಾ ರೆಗ್ಯುಲೇಟರ್ (ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ಭಾಗ). ಎರಡು ಸಾವಿರ ರೂಪಾಯಿ ಆಸುಪಾಸಿನ ಪ್ರೆಷರ್ ಗೇಜ್ ಕಿಟ್ ಈ ದಂಡವನ್ನು ತಪ್ಪಿಸುತ್ತದೆ.

ಆನ್‌ಲೈನಿನಲ್ಲೂ ಟೂಲ್ಸ್ ಅಂಗಡಿಗಳಲ್ಲೂ ಸಿಗುವ ಬ್ರ್ಯಾಂಡ್ ಇಲ್ಲದ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಥರ. 10 ಬಾರ್‌ವರೆಗಿನ ಡಯಲ್, ಒಂದು ಕರಿ ಪೈಪ್, ಪ್ರೆಷರ್ ಬಿಡಲು ಒಂದು ಗುಂಡಿ, ಅದರಿಂದ ಪೆಟ್ರೋಲ್ ಹೊರಹೋಗಲು ಪಾರದರ್ಶಕ ನಳಿಕೆ, ಪೈಪಿನ ನಡುವೆ ಕೂಡಿಸುವ ಮೂರು ಬಾಯಿಯ ಅಳತೆವಾರು ಹಿತ್ತಾಳೆ ‘ಟಿ’ಗಳು, ಕ್ಲಿಪ್‌ಗಳು. ಡಯಲ್ ಸಾಕಷ್ಟು ಸರಿ ಇರುತ್ತದೆ. ಆದರೂ ಪೆಟ್ರೋಲ್ ಮುಟ್ಟಿಸುವ ಮೊದಲೇ, ಗೇಜ್ ಒಣಗಿರುವಾಗ, ಟೈರ್ ಅಂಗಡಿಯ ಕಂಪ್ರೆಸರ್‌ನಿಂದ 2 ಮತ್ತು 3 ಬಾರ್ ಗಾಳಿ ಕೊಟ್ಟು ಅಲ್ಲಿಯ ಮೀಟರ್ ಜೊತೆ ತಾಳೆ ನೋಡಿ. ಅರ್ಧ ಬಾರ್ ವ್ಯತ್ಯಾಸ ಬಂದರೆ ವಾಪಸ್ ಕಳಿಸಿ, ಏಕೆಂದರೆ ಈ ಕೆಲಸದಲ್ಲಿ ಅರ್ಧ ಬಾರೇ ತೀರ್ಮಾನ ಮಾಡುವುದು.

ಕಿಟ್‌ನ ದೊಡ್ಡ ಕುಂದು ಪೈಪು, ಕ್ಲಿಪ್ಪುಗಳದ್ದು. ಈಗ ಬಂಕಿನಲ್ಲಿ ಸಿಗುವುದು ಇ20. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಬರುವ ಎಥೆನಾಲ್ ಅದರಲ್ಲಿ 20 ಪ್ರತಿಶತದವರೆಗೆ ಇರುತ್ತದೆ. ಅಗ್ಗದ ರಬ್ಬರ್ ಅದರಲ್ಲಿ ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ. ಬಿಸಿ ಇಂಜಿನ್ ಮೇಲೆ ಮೂರು ಬಾರ್ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿದರೆ ಗಾಡಿಯೇ ಸುಡುತ್ತದೆ. ಗಾಡಿಯ ಲೈನಿಗೆ ಜೋಡಿಸುವ ತುಂಡು ಪೈಪಿನ ಮೇಲೆ ‘ಎಸ್‌ಎಇ 30ಆರ್9’ ಎಂದು ಅಚ್ಚಾಗಿರಬೇಕು. ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರ್ ಗಾಡಿಯ ಪೈಪ್, ಬೇಡ. ತೂತು ತೂತಿನ ಪಟ್ಟಿಯ ಕ್ಲಿಪ್ ಪೈಪನ್ನು ಕೊಯ್ಯುತ್ತದೆ. ಅಂಚು ಮಡಿಚಿದ, ನಟ್-ಬೋಲ್ಟ್ ಇರುವ ಇಂಜೆಕ್ಷನ್ ಕ್ಲಿಪ್ ಹಾಕಿ.

ಇನ್ನೊಂದು ತೊಡಕು, ಹೋಂಡಾಕ್ಕೆ ಈ ‘ಟಿ’ ನಡೆಯುವುದಿಲ್ಲ. ಅದರ ಫ್ಯುಯಲ್ ಫಿಲ್ಟರ್ ಮೇಲೆ ಬ್ಯಾಂಜೋ ಬೋಲ್ಟ್ (ಒಳಗಿನಿಂದ ಪೆಟ್ರೋಲ್ ಹಾಯುವ ಟೊಳ್ಳು ಬೋಲ್ಟ್) ಇದೆ, ಗೇಜನ್ನು ಅಲ್ಲಿಗೇ ಕೂಡಿಸಬೇಕು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಕೆಲಸ ಬಲ್ಲ ಟರ್ನರ್‌ಗಳಿಗೆ ಬರವಿಲ್ಲ. ಹಳೇ ಬೋಲ್ಟನ್ನೇ ಮಾದರಿಗೆ ಕೊಟ್ಟರೆ ಗೇಜ್ ಕೂರುವ ಅಡಾಪ್ಟರ್ ತಿರುವಿಕೊಡುತ್ತಾರೆ. ಅದರ ಎರಡೂ ಬದಿಯ ವಾಷರ್ ಪ್ರತಿ ಸಲ ಹೊಸದಿರಲಿ.

ಗೇಜ್ ಹಚ್ಚುವ ಮುನ್ನ ಕಿವಿ ಕೊಡಿ. ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ‘ಗುಂಯ್’ ಎನ್ನಬೇಕು. ಏನೂ ಕೇಳದಿದ್ದರೆ ಫ್ಯೂಸ್, ಪಂಪ್ ರಿಲೇ, ಪಂಪ್ ಕನೆಕ್ಟರಿನಲ್ಲಿ ಕರೆಂಟ್, ಪಂಪಿನ ಅರ್ಥಿಂಗ್, ಈ ಕ್ರಮದಲ್ಲಿ ನೋಡಿ. ಕರೆಂಟೂ ಅರ್ಥಿಂಗೂ ಸರಿಯಿದ್ದು ಪಂಪ್ ಮೂಕವಾಗಿದ್ದರೆ ಮಾತ್ರ ಪಂಪ್ ಸತ್ತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ. ಇಲ್ಲದಿದ್ದರೆ ಮುಂದಿನ ಯಾವ ರೀಡಿಂಗಿಗೂ ಅರ್ಥವಿಲ್ಲ.

ಲೈನ್ ಬಿಚ್ಚುವ ಕ್ರಮ ಹೀಗೆ: ಪಂಪಿನ ಫ್ಯೂಸ್ ತೆಗೆದು ಮೂರು-ನಾಲ್ಕು ಸಲ ಸೆಲ್ಫ್ ಹೊಡೆಯಿರಿ, ಒತ್ತಡ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಕಳಚಿ, ಜೋಡಣೆಗೆ ಬಟ್ಟೆ ಸುತ್ತಿ ನಿಧಾನ ಬಿಚ್ಚಿ. ಬೀಡಿ-ಸಿಗರೇಟ್ ಹತ್ತಿರ ಬರಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ‘ಟಿ’ ಬರಬೇಕಾದ್ದು ಫಿಲ್ಟರ್ ಮತ್ತು ರೇಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ನಡುವೆ. ಎಲ್ಲ ಕೂಡಿಸಿದ ಮೇಲೆ ಕೀಲಿಯನ್ನು ಮೂರು-ನಾಲ್ಕು ಸಲ ಆನ್-ಆಫ್ ಮಾಡಿ ಸೋರಿಕೆ ನೋಡಿ, ಆಮೇಲೆ ಸೆಲ್ಫ್.

ಕೊಟ್ಟ ದುಡ್ಡು ಇಲ್ಲಿಂದ ವಸೂಲಾಗುತ್ತದೆ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಆ ಕಾಲದ ಹೆಚ್ಚಿನ ಗಾಡಿಗಳಲ್ಲಿ ಇಂಜಿನ್ ನಿಂತಿದ್ದು ಪಂಪ್ ಓಡುವಾಗ ಮುಳ್ಳು 2.5ರಿಂದ 3 ಬಾರ್ ನಡುವೆ ನಿಲ್ಲಬೇಕು. ಮಿಸ್ತ್ರಿಗಳ ಮಾತಿನಲ್ಲಿ ‘ಮೂರು ಕೆಜಿ’. ಕೀಲಿ ಆನ್ ಮಾಡಿದಾಗ ಒತ್ತಡ ಬಂದು, ಸೆಲ್ಫ್ ಹೊಡೆಯುವಾಗ ಪಂಪ್ ಸುಮ್ಮನಾಗಿ ಮುಳ್ಳು ಇಳಿಯುತ್ತಿದ್ದರೆ ಪಂಪನ್ನು ಮುಟ್ಟಬೇಡಿ. ಇಂಜಿನ್ ತಿರುಗುತ್ತಿದೆ ಎಂಬ ಸಿಗ್ನಲ್ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್‌ಗೆ) ತಲುಪುತ್ತಿಲ್ಲ, ಅದಕ್ಕೇ ಅದು ಪಂಪಿಗೆ ಕರೆಂಟ್ ಕೊಡುತ್ತಿಲ್ಲ. ಕ್ರ್ಯಾಂಕ್ ಸೆನ್ಸರ್ ಅಥವಾ ಡಿಸ್ಟ್ರಿಬ್ಯೂಟರ್ ಒಳಗಿನ ಪಿಕಪ್, ಅವುಗಳ ವೈರ್ ಮತ್ತು ಕನೆಕ್ಟರ್ ನೋಡಿ. ಆಗ ಸಾಮಾನ್ಯವಾಗಿ ಸ್ಪಾರ್ಕೂ ಇರುವುದಿಲ್ಲ.

ಒಂದು, ಒಂದೂವರೆ ಬಾರ್‌ಗೆ ನಿಂತರೆ ರಿಟರ್ನ್ ಪೈಪನ್ನು ಬಟ್ಟೆ ಸುತ್ತಿದ ಪಕ್ಕಡದಿಂದ ಕ್ಷಣ ಮಾತ್ರ ಒತ್ತಿ. ಮುಳ್ಳು ಜಿಗಿದರೆ ಪಂಪ್ ಗಟ್ಟಿಯಿದೆ, ರೆಗ್ಯುಲೇಟರ್ ಪೆಟ್ರೋಲನ್ನು ಸುಮ್ಮನೆ ಟ್ಯಾಂಕಿಗೆ ವಾಪಸ್ ಬಿಡುತ್ತಿದೆ. ಜಿಗಿಯದಿದ್ದರೆ ಮೊದಲು ಫಿಲ್ಟರ್ ಬದಲಿಸಿ, ನಂತರ ಟ್ಯಾಂಕಿನೊಳಗಿನ ಜಾಲರಿ, ಕೊನೆಗೆ ಪಂಪ್. ಎಥೆನಾಲ್ ಹಳೇ ಟ್ಯಾಂಕಿನ ಅಂಟು, ತುಕ್ಕನ್ನು ಬಿಡಿಸಿ ತಂದು ಜಾಲರಿಗೆ ಕೂಡಿಸುತ್ತದೆ, ಹೀಗಾಗಿ ಎಷ್ಟೋ ‘ಸತ್ತ’ ಪಂಪ್‌ಗಳು ಜಾಲರಿ ತೊಳೆದರೆ ಬದುಕುತ್ತವೆ. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ, ರಿಟರ್ನ್ ಪೈಪ್ ಇಲ್ಲದ ಗಾಡಿಗೆ ಈ ಪರೀಕ್ಷೆ ಬರುವುದಿಲ್ಲ.

ಪಂಪ್ ನಿಂತ ಮೇಲೆ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ವಿಜಯಪುರದವರಿಗೆ ಎಲ್ಲಕ್ಕಿಂತ ಮುಖ್ಯ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಸೊಲ್ಲಾಪುರ ರಸ್ತೆಯ ಢಾಬಾದಲ್ಲಿ ಅರ್ಧ ಗಂಟೆ ನಿಂತ ಗಾಡಿ ಆಮೇಲೆ ಚಾಲೂ ಆಗದಿರುವುದಕ್ಕೆ ಇದೇ ಕಾರಣವಿರಬಹುದು. ಒತ್ತಡ ಸೋರಿಹೋದರೆ ರೇಲ್‌ನಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಮುಳ್ಳು ಸರಸರನೆ ಇಳಿಯುತ್ತಿದ್ದರೆ ‘ಟಿ’ಗಿಂತ ಹಿಂದೆ, ಪಂಪಿನ ಕಡೆಯ ಪೈಪ್ ಒತ್ತಿ ನೋಡಿ. ಆಗ ನಿಂತರೆ ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಸೋರುತ್ತಿದೆ. ರಿಟರ್ನ್ ಒತ್ತಿದಾಗ ನಿಂತರೆ ರೆಗ್ಯುಲೇಟರ್. ಎರಡಕ್ಕೂ ನಿಲ್ಲದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಆ ಸಿಲಿಂಡರಿನ ಪ್ಲಗ್ ಒದ್ದೆ ಇರುತ್ತದೆ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಅದರಲ್ಲಿ ಪೆಟ್ರೋಲ್ ಕಂಡರೆ ಒಳಗಿನ ಡಯಾಫ್ರಮ್ ಹರಿದಿದೆ, ಬೇರೆ ಪರೀಕ್ಷೆಯೇ ಬೇಡ. ರಿಪೇರಿ ಆಗುವವರೆಗೆ ಕೀಲಿಯನ್ನು ಎರಡು-ಮೂರು ಸಲ ಆನ್ ಮಾಡಿ, ಪಂಪಿನ ಸದ್ದು ಮುಗಿದ ಮೇಲೆ ಸೆಲ್ಫ್ ಹೊಡೆದರೆ ಗಾಡಿ ಮನೆ ಮುಟ್ಟುತ್ತದೆ.

ಅದೇ ಬಿಸಿಲಲ್ಲಿ ಹೋಂಡಾ ನಿಂತರೆ ಮೇನ್ ರಿಲೇ ಮೇಲೆ ಮೊದಲು ಅನುಮಾನಪಡಿ. ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರಿದಿರುತ್ತದೆ. ಕಾದಾಗ ಸಂಪರ್ಕ ಬಿಟ್ಟು, ತಂಪಾದಾಗ ಮತ್ತೆ ಕೂಡುತ್ತದೆ. ಗೇಜ್ ಸೊನ್ನೆ ತೋರಿಸುತ್ತದೆ, ಸಂಜೆಗೆ ಎಲ್ಲವೂ ಸರಿ. ರಿಲೇ ಬಿಚ್ಚಿ ಬೆಸುಗೆಗಳನ್ನು ಮತ್ತೆ ಕಾಯಿಸಿ ಹಚ್ಚಿದರೆ ಸಾಕು, ರೇಡಿಯೊ ರಿಪೇರಿ ಮಾಡುವವರೂ ಮಾಡಿಕೊಡುತ್ತಾರೆ.

ಒತ್ತಡ ಸರಿಯಿದ್ದೂ ಚಾಲೂ ಆಗದಿದ್ದರೆ ಗೇಜಿನ ಕೆಲಸ ಮುಗಿಯಿತು. ಸ್ಪಾರ್ಕ್ ನೋಡಿ. ಬೆಳಗಾವಿ ಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಕೂತ ತೇವ ಒರೆಸಿದರೇ ಎಷ್ಟೋ ಗಾಡಿ ಏಳುತ್ತವೆ. ಪ್ಲಗ್‌ಗಳೆಲ್ಲ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಇಂಜಿನ್ ನೀರಿನ ಬಿಸಿ ತಿಳಿಸುವ ಕೂಲಂಟ್ ಸೆನ್ಸರ್ ಅಳೆಯಿರಿ: 20 ಡಿಗ್ರಿಯಲ್ಲಿ ಸುಮಾರು 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಇರಬೇಕು. ವೈರ್ ಕಡಿದಿದ್ದರೆ ಇಸಿಯು ಹಿಮದಂಥ ಚಳಿ ಎಂದು ತಿಳಿದು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಕೆ-ಜೆಟ್ರಾನಿಕ್ (ಬಾಷ್ ಕಂಪನಿಯ ಹಳೇ ಯಾಂತ್ರಿಕ ಇಂಜೆಕ್ಷನ್) ಇರುವ ಹಳೇ ಮರ್ಸಿಡಿಸ್‌ಗೆ ಈ ಕಿಟ್ ಕೊಳ್ಳಬೇಡಿ. ಅಲ್ಲಿ ಒತ್ತಡ 5 ಬಾರ್ ಹತ್ತಿರ, ಕಂಟ್ರೋಲ್ ಪ್ರೆಷರ್ ಬೇರೆ ಅಳೆಯಲು ನಡುವೆ ವಾಲ್ವ್ ಇರುವ, ಥ್ರೆಡ್ ಜೋಡಣೆಯ ಗೇಜೇ ಬೇಕು. ಕಾಮನ್ ರೇಲ್ ಡೀಸೆಲ್‌ನ ಹೈ ಪ್ರೆಷರ್ ಲೈನಿಗಂತೂ ಇದನ್ನು ಹಚ್ಚಲೇಬಾರದು. ಎಸ್ಟೀಮ್, ಝೆನ್, ಸಿಯೆಲೋ ಇದ್ದವರು ಕಿಟ್ ಜೊತೆಗೇ ಅರ್ಧ ಮೀಟರ್ ಆರ್9 ಪೈಪ್, ಆರು ಒಳ್ಳೇ ಕ್ಲಿಪ್, ಒಂದು ಹೊಸ ಫಿಲ್ಟರ್ ತಂದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಗುಂಡಿ ಒತ್ತಿ ಗೇಜಿನ ಪೆಟ್ರೋಲ್ ಖಾಲಿ ಮಾಡಿ, ಬಯಲಲ್ಲಿ ಪೂರ್ತಿ ಒಣಗಿಸಿಯೇ ಡಬ್ಬಿಗೆ ಹಾಕಿ.