ಎಚ್‌ಐವಿ ಸಂಶೋಧನೆಗೆ ಫೋಗರ್ಟಿ ತರಬೇತಿ: ನೈರೋಬಿಯ ಅನುಭವದ ಬೆಳಕಿನಲ್ಲಿ ಒಂದು ವಿಮರ್ಶೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಅಂಗವಾದ ಫೋಗರ್ಟಿ ಅಂತರರಾಷ್ಟ್ರೀಯ ಕೇಂದ್ರವು 1988ರಲ್ಲಿ ಏಡ್ಸ್ ಸಂಶೋಧನೆಗೆಂದೇ ಒಂದು ತರಬೇತಿ ಕಾರ್ಯಕ್ರಮವನ್ನು ಆರಂಭಿಸಿತು. ಮುಂದೆ ಅದು ಎಚ್‌ಐವಿ ಸಂಶೋಧನಾ ತರಬೇತಿ ಕಾರ್ಯಕ್ರಮವೆಂದು ಹೆಸರು ಬದಲಿಸಿಕೊಂಡಿತು. ರೋಗದ ಹೊರೆ ಹೆಚ್ಚಿರುವ ದೇಶಗಳ ವೈದ್ಯರಿಗೂ ವಿಜ್ಞಾನಿಗಳಿಗೂ ಸಂಶೋಧನೆಯ ವಿಧಾನಗಳನ್ನು ಕಲಿಸಿ, ಅವರು ತಮ್ಮ ನೆಲದಲ್ಲೇ ಕೆಲಸ ಮುಂದುವರಿಸುವಂತೆ ಮಾಡುವುದು ಅದರ ಉದ್ದೇಶ. ಎಷ್ಟು ಮಂದಿಗೆ ಪದವಿ ಸಿಕ್ಕಿತು ಎಂಬ ಲೆಕ್ಕದಿಂದ ಇಂಥ ಸೇವೆಯನ್ನು ಅಳೆದರೆ ಸಾಲದು. ಕಲಿತವರು ಊರಿಗೆ ಮರಳಿದ ಮೇಲೆ ಸಂಶೋಧನೆಯ ಪ್ರಶ್ನೆಯನ್ನು ಯಾರು ಎತ್ತುತ್ತಾರೆ, ಅದಕ್ಕೆ ಬೇಕಾದ ಹಣ ಯಾರ ಕೈಯಲ್ಲಿರುತ್ತದೆ ಎಂಬ ಎರಡು ಸಂಗತಿಗಳನ್ನು ಮುಂದಿಟ್ಟುಕೊಂಡು, ಕೀನ್ಯಾದ ನೈರೋಬಿ ವಿಶ್ವವಿದ್ಯಾಲಯಕ್ಕೂ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ ಇರುವ ನಂಟನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ನೈರೋಬಿ ಬರಿಯ ನೆಲವೇನೂ ಆಗಿರಲಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು 1980ರಿಂದಲೇ ಅಲ್ಲಿನ ಸಹೋದ್ಯೋಗಿಗಳೊಂದಿಗೆ ಲೈಂಗಿಕ ರೋಗಗಳ ಅಧ್ಯಯನ ನಡೆಸುತ್ತಿದ್ದರು. ನಗರದ ಬಡ ಲೈಂಗಿಕ ಕಾರ್ಯಕರ್ತೆಯರಲ್ಲಿ ಶೇ 66ರಷ್ಟು ಮಂದಿಗೆ ಎಚ್‌ಐವಿ ಸೋಂಕು ತಗುಲಿದೆ ಎಂಬ ಸಂಗತಿ 1986ರಲ್ಲಿ ಪ್ರಕಟವಾದದ್ದು ಆ ಕೆಲಸದಿಂದಲೇ.

ತರಬೇತಿ ಏನನ್ನು ಕೊಡಬಲ್ಲದು ಎಂಬುದಕ್ಕೆ ಮಕ್ಕಳ ವೈದ್ಯೆ ರೂತ್ ನ್ಡುವಾಟಿ ಅವರ ಅಧ್ಯಯನಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ. ನೈರೋಬಿ-ಸಿಯಾಟಲ್ ನಂಟಿನಲ್ಲೇ ಕಲಿತ ಅವರು ಎತ್ತಿಕೊಂಡದ್ದು, ಸೋಂಕಿತ ತಾಯಿ ಮಗುವಿಗೆ ಎದೆಹಾಲು ಕೊಡಬೇಕೇ ಅಥವಾ ಪುಡಿಹಾಲು ಕೊಡಬೇಕೇ ಎಂಬ, ಆಫ್ರಿಕಾದ ಪ್ರತಿಯೊಂದು ಹೆರಿಗೆ ವಾರ್ಡಿನಲ್ಲೂ ಉತ್ತರಕ್ಕಾಗಿ ಕಾದಿದ್ದ ಪ್ರಶ್ನೆಯನ್ನು. 1992ರಿಂದ 1998ರವರೆಗೆ ನೈರೋಬಿಯಲ್ಲಿ ನಡೆದ ಈ ಪ್ರಯೋಗದಲ್ಲಿ, ಶುದ್ಧ ನೀರಿನ ಸೌಕರ್ಯವಿದ್ದ 425 ತಾಯಂದಿರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಎರಡು ವರ್ಷ ತುಂಬುವ ವೇಳೆಗೆ ಎದೆಹಾಲಿನ ಗುಂಪಿನಲ್ಲಿ ಶೇ 36.7ರಷ್ಟು, ಪುಡಿಹಾಲಿನ ಗುಂಪಿನಲ್ಲಿ ಶೇ 20.5ರಷ್ಟು ಮಕ್ಕಳಿಗೆ ಸೋಂಕು ಬಂದಿತ್ತು. ಆದರೆ ಎರಡೂ ಗುಂಪುಗಳಲ್ಲಿ ಮಕ್ಕಳ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಪುಡಿಹಾಲನ್ನು ಮಾತ್ರ ಕೊಡಬೇಕೆಂಬ ನಿಯಮವನ್ನು ಪಾಲಿಸಿದ ತಾಯಂದಿರು ಶೇ 70ರಷ್ಟೇ ಎಂಬುದನ್ನೂ 2000ದ ವರದಿ ಮುಚ್ಚಿಡದೆ ಹೇಳಿತು. ಮಗುವಿಗೆ ಎದೆಹಾಲೂಡಿಸದ ತಾಯಿ ಮನೆಯವರ, ನೆರೆಯವರ ಪ್ರಶ್ನೆಗಳನ್ನು ಎದುರಿಸಬೇಕಾಗುವ ಸಮಾಜದಲ್ಲಿ ಈ ಅಂಕಿಗೆ ಸೋಂಕಿನ ಅಂಕಿಯಷ್ಟೇ ಬೆಲೆಯಿದೆ. ಅಲ್ಲಿನ ವಾರ್ಡುಗಳಲ್ಲಿ ದುಡಿದವರೇ ಪ್ರಯೋಗವನ್ನು ಮುನ್ನಡೆಸಿದಾಗ ಇಂಥ ವಿವರಗಳು ಬದಿಗೆ ಸರಿಯುವುದಿಲ್ಲವೆಂದು ನಾನು ನಂಬುತ್ತೇನೆ. ಮೊದಲನೆಯ ಅಳತೆಯಲ್ಲಿ ಈ ಕಾರ್ಯಕ್ರಮಕ್ಕೆ ಪೂರ್ಣ ಅಂಕ ಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಹಣದ ವಿಷಯದಲ್ಲಿ ಹಾಗೆ ಹೇಳಲಾರೆ. ಆರಂಭದ ವರ್ಷಗಳಲ್ಲಿ ಅನುದಾನ ಅಮೆರಿಕದ ವಿಶ್ವವಿದ್ಯಾಲಯಗಳ ಹೆಸರಿಗೇ ಬರುತ್ತಿತ್ತು. ಲೆಕ್ಕಪತ್ರ ನಿರ್ವಹಣೆ, ಅನುದಾನದ ಅರ್ಜಿ ಸಿದ್ಧಪಡಿಸುವುದು, ಆಡಳಿತದ ಪತ್ರವ್ಯವಹಾರ ಇವೆಲ್ಲ ಅಲ್ಲೇ ನಡೆದರೆ, ಪಾಲುದಾರ ಸಂಸ್ಥೆಯಲ್ಲಿ ಒಳ್ಳೆಯ ವಿಜ್ಞಾನಿಗಳು ಬೆಳೆದರೂ ಅವರ ಬೆನ್ನಿಗೆ ನಿಲ್ಲಬೇಕಾದ ಕಚೇರಿ ಬೆಳೆಯುವುದಿಲ್ಲ. ಪದವಿ ಮುಗಿಸಿ ಮರಳಿದ ವೈದ್ಯರು ಹೊರರೋಗಿಗಳನ್ನು ನೋಡಬೇಕು, ಪಾಠ ಹೇಳಬೇಕು; ಉಳಿದ ಹೊತ್ತಿನಲ್ಲಿ ಸಂಶೋಧನೆ. ಈ ಕೊರತೆಯನ್ನು ತುಂಬುವ ದೊಡ್ಡ ಹೆಜ್ಜೆ ಬಂದದ್ದು 2010ರಲ್ಲಿ. ವಿದೇಶಗಳಲ್ಲಿ ಏಡ್ಸ್ ತಡೆಗೆ ನೆರವು ನೀಡುವ ಅಮೆರಿಕ ಸರ್ಕಾರದ ಪೆಪ್‌ಫಾರ್ ಯೋಜನೆ ಮತ್ತು ಎನ್‌ಐಎಚ್ ಸೇರಿ ರೂಪಿಸಿದ ವೈದ್ಯಕೀಯ ಶಿಕ್ಷಣ ಪಾಲುದಾರಿಕೆಯು ಐದು ವರ್ಷಗಳಿಗೆ 13 ಕೋಟಿ ಡಾಲರ್ ತೆಗೆದಿಟ್ಟು, ಅನುದಾನವನ್ನು ನೇರವಾಗಿ ಆಫ್ರಿಕಾದ ಸಂಸ್ಥೆಗಳಿಗೇ ಕೊಟ್ಟಿತು. ನೈರೋಬಿ ವಿಶ್ವವಿದ್ಯಾಲಯವೂ ಅವುಗಳಲ್ಲೊಂದು. ಇದು ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು.

ಭಾರತದಲ್ಲಿ ಪುಣೆಯ ಸಂಸ್ಥೆಗಳು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಂದಿಗೆ ಇದೇ ಬಗೆಯ ನಂಟು ಬೆಳೆಸಿದವು. ಎದೆಹಾಲು ಕುಡಿಯುವ ಶಿಶುಗಳಿಗೆ ಆರು ವಾರ ನೆವಿರಪಿನ್ ಎಂಬ ಎಚ್‌ಐವಿ ಔಷಧ ಕೊಟ್ಟು ನೋಡಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಥಿಯೋಪಿಯಾ, ಉಗಾಂಡಾಗಳ ಜೊತೆ ಭಾರತವೂ ಇತ್ತು. ಕರ್ನಾಟಕದ ದಾರಿ ತುಸು ಬೇರೆ. ಮ್ಯಾನಿಟೋಬಾ ವಿಶ್ವವಿದ್ಯಾಲಯವು ನಮ್ಮ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಸೇರಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟನ್ನು ಕಟ್ಟಿತು. ಕೆಲಸ ಮಾಡುವ ಸಂಸ್ಥೆಯನ್ನೇ ಇಲ್ಲಿ ನೆಲೆಗೊಳಿಸಿದ ಆ ಕ್ರಮ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಕಾರ್ಯಕ್ರಮದ ಭವಿಷ್ಯವನ್ನು ಕುರಿತು ಆತಂಕಪಡಲು ಕಾರಣಗಳಿವೆ. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ಸಂಸ್ಥೆಗಳ ಮೂಲಕ ವಿದೇಶಿ ಪಾಲುದಾರರಿಗೆ ಹೋಗುತ್ತಿದ್ದ ಉಪ ಅನುದಾನಗಳನ್ನು ಹೊಸ ವ್ಯವಸ್ಥೆ ಬರುವವರೆಗೆ ನೀಡುವುದಿಲ್ಲವೆಂದು ಪ್ರಕಟಿಸಿತು. ಅಮೆರಿಕ ಸರ್ಕಾರದ 2026ರ ಬಜೆಟ್ ಪ್ರಸ್ತಾವದಲ್ಲಿ ಫೋಗರ್ಟಿ ಕೇಂದ್ರವನ್ನೇ ಕೈಬಿಡುವ ಸೂಚನೆಯಿತ್ತು. ಆದ್ದರಿಂದ ಇಂಥ ತರಬೇತಿಗೆ ಅರ್ಜಿ ಹಾಕುವ ನಮ್ಮ ಯುವ ವೈದ್ಯರು ಪ್ರಬಂಧದ ವಿಷಯವನ್ನು ತಾವೇ ಆರಿಸಬಹುದೇ, ಮರಳಿದ ಮೇಲೆ ವಾರದಲ್ಲಿ ಎಷ್ಟು ದಿನ ಸಂಶೋಧನೆಗೆ ಮೀಸಲು, ಅನುದಾನದ ಖಾತೆ ಯಾವ ಸಂಸ್ಥೆಯಲ್ಲಿರುತ್ತದೆ ಎಂಬುದನ್ನು ತಮ್ಮ ಸಂಸ್ಥೆಯಿಂದ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.