ಪೊಂಟೆ ವೆಕ್ಕಿಯೊ: ಚಿನ್ನಕ್ಕಿಂತ ಮೊದಲು ಕಮಾನು ನೋಡಿ

ಫ್ಲಾರೆನ್ಸಿನ ಪೊಂಟೆ ವೆಕ್ಕಿಯೊ ಮೇಲೆ ನಡೆಯುವವರಿಗೆ ಸೇತುವೆ ಕಾಣುವುದೇ ಇಲ್ಲ. ಎರಡೂ ಬದಿ ಚಿನ್ನದಂಗಡಿ, ನಡುವೆ ಜನಜಂಗುಳಿ. ಮೊದಲು ಆರ್ನೋ ನದಿ ಹರಿಯುವ ದಿಕ್ಕಿನಲ್ಲಿ ಮುಂದಿನ ಸಾಂತಾ ತ್ರಿನಿತಾ ಸೇತುವೆಗೆ ಹೋಗಿ ನಿಲ್ಲಿ; ಮೂರು ಕಮಾನುಗಳೂ ಕಾಣುತ್ತವೆ.

ಹಿಂದಿನ ಸೇತುವೆ 1333ರ ಪ್ರವಾಹಕ್ಕೆ ಕೊಚ್ಚಿಹೋಯಿತು. 1345ರಲ್ಲಿ ಎದ್ದ ಈ ಸೇತುವೆಯ ನಡುಗಮಾನಿನ ಅಗಲ ಸುಮಾರು 30 ಮೀಟರ್. ಅರ್ಧವೃತ್ತದ ಕಮಾನಾಗಿದ್ದರೆ ಅಷ್ಟಗಲಕ್ಕೆ 15 ಮೀಟರ್ ಎತ್ತರ ಬೇಕು, ದಾರಿ ಗುಡ್ಡ ಹತ್ತಿ ಇಳಿದಂತಾಗುತ್ತದೆ. ಇಲ್ಲಿ ವೃತ್ತದ ಒಂದು ತುಣುಕನ್ನಷ್ಟೇ ಬಳಸಿ ಎತ್ತರವನ್ನು ಸುಮಾರು 4 ಮೀಟರಿಗೆ ತಗ್ಗಿಸಿದ್ದಾರೆ. ಇಂಥ ಚಪ್ಪಟೆ ಕಮಾನು ಪಕ್ಕಕ್ಕೆ ಜೋರಾಗಿ ಒತ್ತುವುದರಿಂದ ಎರಡೂ ದಡದಲ್ಲಿ ಅದನ್ನು ತಡೆಯುವ ಆಸರೆಗೋಡೆ ಗಟ್ಟಿಯಿರಲೇಬೇಕು. ಆದರೆ ನದಿಯೊಳಗೆ ಎರಡೇ ಕಂಬ ಸಾಕಾದವು, ಮೇಲೆ ದಾರಿ ಹೆಚ್ಚುಕಡಿಮೆ ಮಟ್ಟಸವಾಯಿತು. ಅಂಗಡಿ ಸಾಲು ನಿಂತಿರುವುದು ಈ ಲೆಕ್ಕಾಚಾರದ ಮೇಲೆ.

ಅಂಗಡಿಗಳ ಹಿಂಕೋಣೆಗಳು ನೀರಿನ ಮೇಲಕ್ಕೆ ಚಾಚಿವೆ. ಓರೆಯಾಗಿ ಆತುಕೊಂಡ ಮರದ ತೊಲೆಗಳು ಅವನ್ನು ಹೊತ್ತಿವೆ. ಮಾಡಿನ ಮೇಲೆ ಹಾದುಹೋಗುವ ಮುಚ್ಚಿದ ಓಣಿ, ವಸಾರಿ ಕಾರಿಡಾರನ್ನು ಊರನ್ನಾಳುತ್ತಿದ್ದ ಮೆದಿಚಿ ದೊರೆಗಳು 1565ರಲ್ಲಿ ಐದೇ ತಿಂಗಳಲ್ಲಿ ಕಟ್ಟಿಸಿದರು. ದಕ್ಷಿಣ ತುದಿಯಲ್ಲಿ ಮಾತ್ರ ಅದು ನೆಟ್ಟಗಿಲ್ಲ. ಮನ್ನೆಲ್ಲಿ ಮನೆತನ ತಮ್ಮ ಗೋಪುರ ಕೆಡವಲು ಒಪ್ಪಲಿಲ್ಲವಾದ್ದರಿಂದ ಕಲ್ಲಿನ ಚಾಚುಗಳ ಮೇಲೆ ಗೋಪುರವನ್ನು ಸುತ್ತಿಕೊಂಡು ಹೋಗುತ್ತದೆ. ಇಡೀ ಸೇತುವೆಯಲ್ಲಿ ತಪ್ಪದೆ ನೋಡಬೇಕಾದ ಮೂಲೆ ಇದು. ಕಾರಿಡಾರಿನ ಕೆಳಗಿದ್ದ ಕಸಾಯಿ ಅಂಗಡಿಗಳನ್ನು ಎಬ್ಬಿಸಿ ಅಕ್ಕಸಾಲಿಗರಿಗೆ ಜಾಗ ಕೊಟ್ಟದ್ದು 1593ರಲ್ಲಿ, ಮೆದಿಚಿ ದೊರೆ ಮೊದಲನೇ ಫರ್ಡಿನಾಂಡೊ.

1944ರ ಆಗಸ್ಟಿನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿತು. ಇದನ್ನು ಬಿಟ್ಟು, ಎರಡೂ ತುದಿಯ ಮನೆಗಳನ್ನು ಉರುಳಿಸಿ ದಾರಿ ಮುಚ್ಚಿತು. ತುದಿಗಳಲ್ಲಿ ಕಟ್ಟಡಗಳು ಹೊಸದಾಗಿ ಕಾಣುವುದು ಅದಕ್ಕೇ. 1966ರ ನವೆಂಬರ್ 4ರ ಪ್ರವಾಹ ಅಂಗಡಿಗಳೊಳಗೇ ನುಗ್ಗಿತು, ಕಮಾನು ಅಲುಗಲಿಲ್ಲ.

ಇನ್ನು ಖರೀದಿ. 22 ಕ್ಯಾರೆಟ್ ಹುಡುಕಬೇಡಿ, ಇಲ್ಲಿ ವಾಡಿಕೆ 18. ಒಡವೆಯ ಮೇಲೆ 750 (ಸಾವಿರಕ್ಕೆ 750 ಪಾಲು ಚಿನ್ನ, ಅಂದರೆ 18 ಕ್ಯಾರೆಟ್) ಎಂಬ ಮುದ್ರೆ, ಜೊತೆಗೆ ತಯಾರಕರ ಸಂಖ್ಯೆ ಮತ್ತು ಜಿಲ್ಲೆಯ ಅಕ್ಷರ ಇರಬೇಕು. ಭೂತಗನ್ನಡಿ ಕೇಳಿ ಪಡೆದು ಓದಿ. ಬೆಲೆ ಚೀಟಿ ಇಡೀ ಒಡವೆಗೆ ಇರುವುದರಿಂದ ತೂಕ ಹಾಕಿಸಿ ನೋಡದೆ ಹೋಲಿಸಲಾಗದು. ಯುರೋಪಿಯನ್ ಒಕ್ಕೂಟದ ಹೊರಗಿನವರು 70 ಯೂರೋ ದಾಟಿದ ಖರೀದಿಗೆ ತೆರಿಗೆ ವಾಪಸಿನ ಫಾರಂ ಕೇಳಬೇಕು, ಪಾಸ್‌ಪೋರ್ಟ್ ಕೈಯಲ್ಲಿರಲಿ. ಒಕ್ಕೂಟ ಬಿಡುವಾಗ ಕಸ್ಟಮ್ಸ್ ಅನುಮೋದನೆ ಮರೆತರೆ ಹಣ ಬರುವುದಿಲ್ಲ.

ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಹೋದರೆ ಕಬ್ಬಿಣದ ಪಟ್ಟಿ ಬಿಗಿದ ಮರದ ಬಾಗಿಲುಗಳನ್ನು ನೋಡಬಹುದು. ಇಡೀ ಸಾಲು ದೊಡ್ಡ ಪೆಟ್ಟಿಗೆಗಳನ್ನು ಜೋಡಿಸಿಟ್ಟಂತಿರುತ್ತದೆ. 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ಕಾರಿಡಾರಿಗೆ ಮುಂಗಡ ಬುಕಿಂಗ್ ಬೇಕು. ಒಳಹೋಗುವುದು ಉಫಿಝಿ ಗ್ಯಾಲರಿಯಿಂದ, ಹೊರಬರುವುದು ನದಿಯಾಚೆಯ ಬೋಬೋಲಿ ಉದ್ಯಾನದಲ್ಲಿ. ಆದ್ದರಿಂದ ಉಫಿಝಿಯ ಚಿತ್ರಗಳನ್ನು ಮೊದಲೇ ನೋಡಿ ಮುಗಿಸಿ.